ರಿಜಿಸ್ಟರಿನ ನಾಲ್ಕನೆಯ ಕಾಲಂ

ಧಾರವಾಡದಲ್ಲಿ ಯಾರೇ ಎದುರಾಗಲಿ, ಮೊದಲು ಬರುವ ಮಾತು “ಆರಾಮ ಅದೀರಿ?” ಎಂಬುದು. “ಹೂಂ, ಆರಾಮ” ಅಂದುಬಿಟ್ಟರೆ ಮುಗಿಯಿತು. ಯೋಚಿಸುವಂಥದ್ದೇನೂ ಇಲ್ಲ. ನಾನು ಮಾತ್ರ ಒಂದು ಗಳಿಗೆ ತಡೆಯುತ್ತೇನೆ. ನನ್ನ ತಂಗಿ ಇದನ್ನು ಎಂದೋ ಗಮನಿಸಿದ್ದಾಳೆ. “ಅಕ್ಕಾ, ಇಷ್ಟಕ್ಕೂ ಲೆಕ್ಕಾ ಹಾಕ್ಲಿಕ್ಕತ್ತೀ ಏನು?” ಎಂದು ಕಾಡಿಸುತ್ತಾಳೆ. ಸಂಖ್ಯಾಶಾಸ್ತ್ರ ಓದಿದವಳು ಉಪ್ಪಿಟ್ಟಿಗೆ ಉಪ್ಪು ಹಾಕುವಾಗಲೂ ಸರಾಸರಿ ತೆಗೆಯುತ್ತಾಳೆ ಅನ್ನುವುದು ನಮ್ಮ ಮನೆಯ ಹಳೆಯ ತಮಾಷೆ. ನಾನೂ ನಗುತ್ತೇನೆ. ಆ ಗಳಿಗೆಯಲ್ಲಿ ನಾನು ಒಬ್ಬರನ್ನು ನೆನೆಯುತ್ತಿರುತ್ತೇನೆ ಎಂದು ಅವಳಿಗೆ ಇದುವರೆಗೆ ಹೇಳಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ನನ್ನ ಗಂಡನಿಗೆ ಬ್ಯಾಂಕಿನವರು ಅಹಮದಾಬಾದಿಗೆ ವರ್ಗ ಮಾಡಿದರು. ಮಣಿನಗರದಲ್ಲಿ, ರೈಲ್ವೆ ಸ್ಟೇಷನ್ನಿಗೆ ನಡೆದು ಹೋಗುವಷ್ಟು ದೂರದಲ್ಲಿ ಮನೆ ಮಾಡಿದೆವು. ಮಗಳಿಗೆ ಆಗ ಮೂರು ವರ್ಷ. ಧಾರವಾಡದಲ್ಲಿ ಕಾಲೇಜಿನಲ್ಲಿ ಕಲಿಸುತ್ತಿದ್ದವಳು ಇಲ್ಲಿ ಆರು ತಿಂಗಳು ಮನೆಯಲ್ಲಿ ಕುಳಿತದ್ದಕ್ಕೆ ನನಗೆ ತಲೆ ಕೆಡತೊಡಗಿತು. ಗಂಡ ಸಂಜೆ ಬಂದು ಬೂಟು ಬಿಚ್ಚುವ ಮೊದಲೇ ಜಗಳಕ್ಕೆ ತಯಾರಾಗಿರುತ್ತಿದ್ದೆ. ಒಂದು ದಿನ ಅವರೇ ಪೇಪರಿನ ಜಾಹೀರಾತೊಂದನ್ನು ಕತ್ತರಿಸಿ ತಂದು ನನ್ನ ಮುಂದೆ ಹಿಡಿದರು. “ತಗೋ, ಇದಕ್ಕ ಅರ್ಜಿ ಹಾಕು. ನಿನ್ನ ಜಗಳಾ ಅಲ್ಲೆ ಪಗಾರ ಕೊಟ್ಟು ಕೇಳ್ತಾರ.”

ವಡೋದರದ ವಿಶ್ವವಿದ್ಯಾಲಯವೊಂದರಲ್ಲಿ ಆರೋಗ್ಯ ವಿಜ್ಞಾನಗಳಿಗೆಂದು ಹೊಸದಾಗಿ ಶುರುವಾಗಿದ್ದ ಪಿಎಚ್.ಡಿ. ಕಾರ್ಯಕ್ರಮ ಅದು. ಪೌಷ್ಟಿಕ ಆಹಾರ ಓದಿದವರು, ನರ್ಸಿಂಗ್ ಓದಿದವರು, ಸಮಾಜಕಾರ್ಯದವರು, ಎಂ.ಬಿ.ಬಿ.ಎಸ್. ಮುಗಿಸಿದವರು ಎಲ್ಲರೂ ಒಂದೇ ಕೋಣೆಯಲ್ಲಿ ಕುಳಿತು ಸಂಶೋಧನೆ ಮಾಡಬೇಕು. ಕಲಿಸುವವರೂ ಹಾಗೆಯೇ ಚೂರುಪಾರು, ಒಬ್ಬೊಬ್ಬರು ಒಂದೊಂದು ವಿಷಯದಿಂದ, ಒಂದೊಂದು ಊರಿನಿಂದ ಬಂದವರು. ಇವರೆಲ್ಲರ ಅಂಕಿಸಂಖ್ಯೆ ನೋಡಿಕೊಳ್ಳಲು ಒಬ್ಬರು ಬೇಕಾಗಿದ್ದರು.

ಸಂದರ್ಶನದ ದಿನ ರೈಲು ಎರಡು ಗಂಟೆ ತಡ. ಮಣಿನಗರದಿಂದ ನಿಂತುಕೊಂಡೇ ಬಂದೆ. ವಡೋದರದ ಸ್ಟೇಷನ್ನಿನಲ್ಲಿ ಚಪ್ಪಲಿಯ ಬಾರು ಕಿತ್ತುಹೋಯಿತು. ಮೂರನೆಯ ಮಹಡಿ ಹತ್ತಿ ಕೋಣೆಗೆ ಕಾಲಿಟ್ಟಾಗ ಮೇಜಿನ ಆಚೆ ಇಬ್ಬರು ಕುಳಿತಿದ್ದರು. ಒಬ್ಬರು ಸೂರತ್ತಿನಿಂದ ವಾರಕ್ಕೆರಡು ದಿನ ಬರುತ್ತಿದ್ದ ಡಾಕ್ಟರು. ಇನ್ನೊಬ್ಬರು ಕಾರ್ಯಕ್ರಮದ ಮುಖ್ಯಸ್ಥೆ, ಐವತ್ತೈದರ ಆಸುಪಾಸಿನ ಹೆಂಗಸು. ಬಿಳಿಯ ಹತ್ತಿ ಸೀರೆ, ಮೋಟು ಜಡೆ, ದಾರ ಕಟ್ಟಿ ಎದೆಯ ಮೇಲೆ ಇಳಿಬಿಟ್ಟ ಕನ್ನಡಕ. ಪೌಷ್ಟಿಕ ಆಹಾರದ ಪ್ರೊಫೆಸರು. ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಬೆನ್ ಎಂದು, ಅಂದರೆ ಅಕ್ಕ ಎಂದು. ಅಲ್ಲಿ ಯಾವ ಹೆಂಗಸನ್ನೂ, ನನ್ನನ್ನೂ, ಹಾಗೆ ಕರೆಯುವುದು ರೂಢಿ, ಆದರೆ ಆ ಕೋಣೆಯಲ್ಲಿ ಬೆನ್ ಅಂದರೆ ಅವರೇ.

“ಕೇಮ್ ಛೋ?” ಅಂದರು. ಹೇಗಿದ್ದೀರಿ ಎಂದು ಕೇಳಿದ್ದು ಅಷ್ಟೇ. ನನಗೆ ಬರುತ್ತಿದ್ದ ಮುರುಕು ಹಿಂದಿಯಲ್ಲಿ ಎಲ್ಲ ಹೇಳಿದೆ. ತಲೆ ಸಿಡಿಯುತ್ತಿದೆ, ಬೆಳಗ್ಗೆಯಿಂದ ಏನೂ ತಿಂದಿಲ್ಲ, ಚಪ್ಪಲಿ ಕಿತ್ತಿದೆ, ನಿಮ್ಮ ರೈಲುಗಳಿಗೆ ಗಡಿಯಾರ ನೋಡಲು ಬರುವುದಿಲ್ಲ. ಡಾಕ್ಟರು ಮುಖ ತಗ್ಗಿಸಿ ಕಾಗದ ನೋಡತೊಡಗಿದರು. ಬೆನ್ ಮಾತ್ರ ಕನ್ನಡಕ ಏರಿಸಿ ನನ್ನನ್ನು ದಿಟ್ಟಿಸಿದರು. ಆಮೇಲೆ ಹೊಟ್ಟೆ ಕುಲುಕಿಸಿಕೊಂಡು ನಕ್ಕರು. “ಈ ಪ್ರಶ್ನೆಗೆ ನಿಜ ಹೇಳಿದವರನ್ನು ನಾನು ನೋಡಿದ್ದು ಇದೇ ಮೊದಲು” ಎಂದು ಡಾಕ್ಟರಿಗೆ ಹೇಳಿದರು. ನನ್ನ ಅಂಕಪಟ್ಟಿಯನ್ನು ಅವರು ತೆರೆದೂ ನೋಡಲಿಲ್ಲ.

ಅವರು ಏಕೆ ನಕ್ಕರೆಂದು ತಿಳಿಯಲು ಎರಡು ತಿಂಗಳು ಬೇಕಾಯಿತು. ಗುಜರಾತಿನಲ್ಲಿ ಆ ಪ್ರಶ್ನೆಗೆ ಇರುವುದು ಒಂದೇ ಉತ್ತರ, “ಮಜಾ ಮಾ.” ಚೆನ್ನಾಗಿದ್ದೇನೆ ಎಂದು ಅರ್ಥ. ನಮ್ಮ ಕಿವಿಗೆ ಅದು ಮಜಾ ಮಾಡುತ್ತಿದ್ದೇನೆ ಎಂದು ಕೇಳಿಸುತ್ತದೆ. ಹಲ್ಲುನೋವಿನಿಂದ ಕೆನ್ನೆ ಊದಿದವರೂ ಮಜಾ ಮಾ, ಕೋರ್ಟಿನ ಮೆಟ್ಟಿಲು ಹತ್ತುತ್ತಿರುವವರೂ ಮಜಾ ಮಾ. ನನ್ನ ಮಗಳು ತಿಂಗಳೊಳಗೆ ಅದನ್ನು ಕಲಿತು, ಮೂಗು ಸೋರುತ್ತಿದ್ದಾಗಲೂ ಪಕ್ಕದ ಮನೆಯವರಿಗೆ ಮಜಾ ಮಾ ಅನ್ನತೊಡಗಿದಳು.

ಕಾರ್ಯಕ್ರಮದ ಮೊದಲ ಸಮೀಕ್ಷೆಯನ್ನು ಹಾಳು ಮಾಡಿದ್ದೂ ಈ ಮಾತೇ. ಅಹಮದಾಬಾದ್, ವಡೋದರ, ಸೂರತ್ ಮೂರೂ ಊರುಗಳ ಓಣಿಗಳಿಗೆ ನಮ್ಮ ವಿದ್ಯಾರ್ಥಿಗಳು ಹೋಗಿ ಹೆಂಗಸರ ಆರೋಗ್ಯ ವಿಚಾರಿಸಿ ಬಂದರು. ಮೊದಲ ಪ್ರಶ್ನೆಯೇ ನಿಮ್ಮ ಆರೋಗ್ಯ ಹೇಗಿದೆ ಎಂದಿತ್ತು. ನಾನು ವಾರವಿಡೀ ಕೂತು ಲೆಕ್ಕ ಮಾಡಿ ತಂದಿಟ್ಟೆ. ಹೆಚ್ಚುಕಡಿಮೆ ಎಲ್ಲರೂ ಆರೋಗ್ಯವಂತರು. ರಕ್ತಪರೀಕ್ಷೆಯ ಹಾಳೆಗಳು ಮಾತ್ರ ಅದೇ ಹೆಂಗಸರ ಮೈಯಲ್ಲಿ ರಕ್ತವೇ ಇಲ್ಲ ಅನ್ನುತ್ತಿದ್ದವು. ಡಾಕ್ಟರು ಲೆಕ್ಕ ತಪ್ಪಿದೆ ಅಂದರು. ಪ್ರಯೋಗಾಲಯ ತಪ್ಪಿರಬೇಕು ಎಂದು ನಾನು ಅವರ ಮೇಲೆ ಎಗರಿದೆ. ಬೆನ್ ಇಬ್ಬರನ್ನೂ ಸುಮ್ಮನಿರಿಸಿ, ಉತ್ತರಪತ್ರಗಳ ಕಟ್ಟು ಬಿಚ್ಚಿ ಓದಿದರು. ಮಜಾ ಮಾ, ಮಜಾ ಮಾ, ಮಜಾ ಮಾ. ಓದುತ್ತ ಓದುತ್ತ ಅವರ ದನಿ ಸಣ್ಣದಾಯಿತು. “ತಪ್ಪಿದ್ದು ನಾವು ಕೇಳಿದ ರೀತಿ” ಅಂದರು.

ಮರುದಿನ ರಿಜಿಸ್ಟರು ಬಂತು. ನಮ್ಮ ಆಫೀಸಿನ ಗುಮಾಸ್ತರು ಅದನ್ನು ಉಗ್ರಾಣದಿಂದ ಬೇಡಿ ತಂದರು. ಎಲ್ಲರೂ ಅವರನ್ನು ಭಾಯ್ ಅನ್ನುತ್ತಿದ್ದರು. ನಿವೃತ್ತಿಗೆ ಎರಡು ಮೂರು ವರ್ಷ ಉಳಿದಿದ್ದ, ಚಹಾ ಬಸಿಯಲ್ಲೇ ಕುಡಿಯುವ, ನಿಯಮದ ಪುಸ್ತಕವನ್ನು ಬಾಯಿಪಾಠ ಮಾಡಿದ್ದ ಮನುಷ್ಯ. ನಮ್ಮ ಕಾರ್ಯಕ್ರಮಕ್ಕೆ ಅವರಿಟ್ಟ ಹೆಸರು ಖಿಚಡಿ ಡಿಪಾರ್ಟ್‌ಮೆಂಟ್. ಬೆನ್ ರಿಜಿಸ್ಟರಿನ ಪುಟಗಳಿಗೆ ಸ್ಕೇಲು ಹಿಡಿದು ಗೆರೆ ಹಾಕಿದರು. ಎಡಗಡೆ ಒಂದು ಶಬ್ದ. ಪಕ್ಕದಲ್ಲಿ ಮೂರು ಕಾಲಂ, ಅಹಮದಾಬಾದ್, ವಡೋದರ, ಸೂರತ್. ಕಾಯಿಲೆಯ ಬಗ್ಗೆ ಯಾವ ಶಬ್ದ ಬಳಸುವುದಿದ್ದರೂ ಮೂರೂ ಊರುಗಳಲ್ಲಿ ಅದು ಯಾರಿಗೆ ಏನೆಂದು ಕೇಳಿಸುತ್ತದೆ ಎಂದು ಮೊದಲು ವಿಚಾರಿಸಿ ಅಲ್ಲಿ ಬರೆಯಬೇಕು. ಗಭರಾಮಣ್ ಎಂಬ ಶಬ್ದಕ್ಕೆ ಒಂದು ಓಣಿಯಲ್ಲಿ ಹೆದರಿಕೆ ಎಂದು ಬಂತು, ಇನ್ನೊಂದರಲ್ಲಿ ಉಸಿರು ಕಟ್ಟುವುದು ಎಂದು, ಮತ್ತೊಂದರಲ್ಲಿ ಹೊಟ್ಟೆ ತೊಳಸುವುದು ಎಂದು. ಮೂರನ್ನೂ ಒಂದೇ ಎಂದು ಕೂಡಿಸಿದ್ದರೆ ನನ್ನ ಲೆಕ್ಕಕ್ಕೆ ಬೆಂಕಿ ಹಚ್ಚಬೇಕಿತ್ತು.

ಅದರ ಜೊತೆಗೇ ಕೋಣೆಗೆ ಒಂದು ಪದ್ಧತಿ ಬಂತು. ಯಾರೇ ಮಾತಾಡುತ್ತಿರಲಿ, ಕೇಳುವವರಿಗೆ ಸಣ್ಣ ಅನುಮಾನ ಬಂದರೂ “ಎಟಲೇ?” ಅನ್ನಬೇಕು. ಅಂದರೆ ಎಂದು ಅರ್ಥ. ಅಂದವರು ವಿದ್ಯಾರ್ಥಿಯಾಗಲಿ, ಭಾಯ್ ಆಗಲಿ, ಮಾತಾಡುತ್ತಿದ್ದವರು ನಿಲ್ಲಿಸಿ ಬೇರೆ ಮಾತಿನಲ್ಲಿ ಹೇಳಬೇಕು. ಡಾಕ್ಟರಿಗೆ ಇದು ಆಗಿಬರುತ್ತಿರಲಿಲ್ಲ. ತಮ್ಮ ಇಂಗ್ಲಿಷ್ ಶಬ್ದಗಳಿಗೆಲ್ಲ ಎಟಲೇ ಕೇಳಿಸಿಕೊಂಡು ಮುಖ ಹುಳ್ಳಗೆ ಮಾಡಿಕೊಳ್ಳುತ್ತಿದ್ದರು. ನನಗಂತೂ ಹಬ್ಬ. ಸಿಟ್ಟು ಬಂದಾಗಲೆಲ್ಲ ಎಟಲೇ ಅಂದು ಸೇಡು ತೀರಿಸಿಕೊಳ್ಳುತ್ತಿದ್ದೆ. ನನ್ನ ವಯಸ್ಸಿನಲ್ಲಿ ಒಂದು ಕೆಲಸದ ಕೋಣೆ ಅಷ್ಟು ಹತ್ತಿರದ್ದಾಗಬಹುದೆಂದು ನನಗೆ ಗೊತ್ತಿರಲಿಲ್ಲ. ಬೆಳಗಿನ ರೈಲಿನಲ್ಲಿ ನಿಂತಿರುವಾಗಲೇ ನನ್ನ ಮನಸ್ಸು ಆ ಮೂರನೆಯ ಮಹಡಿಗೆ ಹೋಗಿ ಕೂತಿರುತ್ತಿತ್ತು.

ಆರಾಮ ಎಂಬ ಶಬ್ದ ನನ್ನನ್ನು ಮೊದಲು ಎಡವಿಸಿದ್ದು ಆ ವರ್ಷದ ಮಳೆಗಾಲದಲ್ಲಿ. ಮಗಳಿಗೆ ಜ್ವರ ಬಂದಿತ್ತು. ರಜೆ ಕೇಳಲು ಭಾಯ್ ಬಳಿ ಹೋಗಿ, “ಬೇಟೀ ಕೋ ಆರಾಮ್ ನಹೀಂ ಹೈ” ಅಂದೆ. ಮಗಳಿಗೆ ಆರಾಮಿಲ್ಲ, ಧಾರವಾಡದವರು ಹೇಳುವುದೇ ಹಾಗೆ, ಅದನ್ನೇ ಹಿಂದಿ ಮಾಡಿದ್ದೆ. ಭಾಯ್ ಚಹಾದ ಬಸಿ ಕೆಳಗಿಟ್ಟು ನಿಟ್ಟುಸಿರು ಬಿಟ್ಟರು. “ಆರಾಮ್ ಯಾರಿಗಿದೆ, ಬೆನ್? ನನಗಿದೆಯೇ? ಹೊಸ ವಿದ್ಯಾರ್ಥಿಗಳ ಅರವತ್ತು ಫಾರಂ ಬಿದ್ದಿವೆ” ಎಂದು ಮತ್ತೆ ಟೈಪ್ ಮಾಡತೊಡಗಿದರು. ಅವರಿಗೆ ಆರಾಮ್ ಅಂದರೆ ವಿಶ್ರಾಂತಿ, ಬಿಡುವು. ಮಗಳಿಗೆ ಬಿಡುವಿಲ್ಲ ಎಂದು ತಾಯಿ ರಜೆ ಕೇಳುತ್ತಿದ್ದಾಳೆ ಎಂದುಕೊಂಡಿದ್ದರು. ನನಗೆ ಮೈ ಉರಿದುಹೋಯಿತು. ಕಲ್ಲೆದೆಯ ಮನುಷ್ಯ ಎಂದು ಅಚ್ಚಗನ್ನಡದಲ್ಲಿ ಬೈದೆ. ಗದ್ದಲ ಕೇಳಿ ಬೆನ್ ಬಂದರು. ಇಬ್ಬರ ನಡುವೆ ನಿಂತು ಮೊದಲು ಅವರ ಕಡೆ ತಿರುಗಿ “ಎಟಲೇ?” ಅಂದರು, ಆಮೇಲೆ ನನ್ನ ಕಡೆ ತಿರುಗಿ “ಎಟಲೇ?” ಅಂದರು. ಎರಡು ನಿಮಿಷದಲ್ಲಿ ಗಂಟು ಬಿಚ್ಚಿತು. ಭಾಯ್ ನಾಚಿಕೆಯಿಂದ ಕೆಂಪಾಗಿ, ಅವತ್ತಿನ ರೈಲಿಗೇ ನನ್ನನ್ನು ಕಳಿಸಿದರು.

ಮರಳಿ ಬಂದಾಗ ರಿಜಿಸ್ಟರಿನಲ್ಲಿ ಹೊಸದೊಂದು ಕಾಲಂ ಎಳೆದಿತ್ತು. ಮೇಲೆ ಗುಜರಾತಿ ಅಕ್ಷರಗಳಲ್ಲಿ ಧಾರವಾಡ ಎಂದು ಬೆನ್ ಬರೆದಿದ್ದರು. ಎಡಗಡೆ ಆರಾಮ್ ಎಂಬ ಶಬ್ದ. ಉಳಿದ ಮೂರು ಊರುಗಳದನ್ನು ಅವರೇ ತುಂಬಿದ್ದರು. “ನಿನ್ನದು ನೀನು ಬರೆ” ಅಂದರು.

“ನಮ್ಮ ಸಮೀಕ್ಷೆಯಲ್ಲಿ ಧಾರವಾಡದ ಹೆಂಗಸರು ಯಾರಿದ್ದಾರೆ?” ಎಂದು ನಾನು ಕೇಳಿದೆ.

“ನೀನಿದ್ದೀಯಲ್ಲ.”

“ಒಬ್ಬಳಿಂದ ಸ್ಯಾಂಪಲ್ ಆಗುವುದಿಲ್ಲ, ಬೆನ್. ನನ್ನ ಶಾಸ್ತ್ರ ಒಪ್ಪುವುದಿಲ್ಲ.”

ಅವರು ನಕ್ಕು ಬಿಟ್ಟುಕೊಟ್ಟರು. ಬರೆಯುತ್ತೇನೆ ಎಂದು ಹೇಳಿ ನಾನು ಬರೆಯಲೇ ಇಲ್ಲ. ನನಗೆ ಆಗಲೇ ಗೊತ್ತಾದ ವಿಷಯವನ್ನು ಬರೆದಿಡುವುದೇಕೆ ಎಂಬ ಉಡಾಫೆ.

ಬೆನ್ ಮೂಲತಃ ಸೂರತ್ತಿನವರು. ಮದುವೆಯಾಗಿರಲಿಲ್ಲ. ವಡೋದರದಲ್ಲಿ ಒಂದು ಬಾಡಿಗೆ ಮನೆ, ಸೂರತ್ತಿನಲ್ಲಿ ಅಣ್ಣನ ಮನೆ. ಚಳಿಗಾಲ ಬಂದರೆ ಪ್ರತಿ ಶನಿವಾರ ಸೂರತ್ತಿಗೆ ಓಡುತ್ತಿದ್ದರು. ಸೋಮವಾರ ಬರುವಾಗ ಕೈಯಲ್ಲೊಂದು ಸ್ಟೀಲಿನ ಡಬ್ಬಿ. ಮೊದಲ ಸಲ ಅದರ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದಾಗ ಬಗ್ಗಿ ನೋಡಿದೆ. ಹಸಿರು ಹಸಿರು ಎಳೆಯ ಜೋಳ, ಕೆಂಡದಲ್ಲಿ ಸುಟ್ಟು ಬಡಿದು ತೆಗೆದದ್ದು. ನಮ್ಮ ಸೀತನಿ. ಊರಿನ ಹೊಲದ ಬದುವಿನಲ್ಲಿ ಶೇಂಗಾ ಚಟ್ನಿ, ಬೆಲ್ಲ ಹಚ್ಚಿಕೊಂಡು ತಿನ್ನುತ್ತಿದ್ದ ಸೀತನಿ ಇಲ್ಲಿ ಖಾರದ ಸೇವಿನ ಜೊತೆ ಪೋಂಕ್ ಎಂಬ ಹೆಸರಿನಲ್ಲಿ ಬಂದು ಕೂತಿತ್ತು. ನಾನು ಕಣ್ಣೊರೆಸಿಕೊಳ್ಳುತ್ತ ತಿಂದದ್ದನ್ನು ನೋಡಿ ಬೆನ್ ಖಾರ ಹೆಚ್ಚಾಯಿತೇ ಎಂದು ಕೇಳಿದರು. ನಮ್ಮಲ್ಲೂ ಇದೆ ಎಂದು ಹೇಳಿದಾಗ ಅವರ ಮುಖ ಅರಳಿತು. ಅಂದಿನಿಂದ ನಾನು ಅವರಿಗೆ ‘ಧಾರವಾಡ್‌ವಾಳಿ,’ ಧಾರವಾಡದಾಕೆ.

“ಡಬ್ಬಿಯಲ್ಲಿ ಬಂದದ್ದು ಪೋಂಕ್ ಅಲ್ಲ, ಪೋಂಕಿನ ಫೋಟೋ” ಅನ್ನುತ್ತಿದ್ದರು. “ತಾಪಿ ನದಿಯ ದಂಡೆಗೆ ಬಾ. ಕೆಂಡದಿಂದ ತೆಗೆದು ಐದು ನಿಮಿಷದಲ್ಲಿ ಬಾಯಿಗೆ ಬೀಳಬೇಕು. ಒಂದು ಮಧ್ಯಾಹ್ನ ಬಂದು ಹೋಗು, ಸಾಕು.” ಮೊದಲ ಚಳಿಗಾಲ ಮಗಳು ಚಿಕ್ಕವಳು ಅಂದೆ. ಎರಡನೆಯ ಚಳಿಗಾಲ ಧಾರವಾಡಕ್ಕೆ ಸಂಕ್ರಾಂತಿಗೆ ಹೋಗಬೇಕು ಅಂದೆ. ಸೀತನಿ ತಿನ್ನಲು ಎರಡು ದಿನದ ಪ್ರಯಾಣ ಮಾಡಿ ಹೋಗುವವಳು, ಮೂರು ತಾಸಿನ ದಾರಿಯಲ್ಲಿದ್ದ ಪೋಂಕಿಗೆ ಹೋಗಲಿಲ್ಲ.

ಮೂರನೆಯ ಚಳಿಗಾಲಕ್ಕೆ ಬೆನ್ ನನ್ನ ದಾರಿಗೇ ಅಡ್ಡ ಹಾಕಿದರು. “ನೀನು ಧಾರವಾಡಕ್ಕೆ ಹೋಗುವ ರೈಲು ಸೂರತ್ತಿನ ಮೇಲೇ ಹೋಗುತ್ತದೆ. ಬೆಳಗ್ಗೆ ಇಳಿ, ಸಂಜೆಯ ಗಾಡಿ ಹತ್ತು. ಗಂಡ, ಮಗಳು ಎಲ್ಲರೂ ಬನ್ನಿ. ನಾನು ರಜೆ ಹಾಕಿ ಅಲ್ಲೇ ಇರುತ್ತೇನೆ.” ಬರುತ್ತೇನೆ ಎಂದು ಅವರ ಕೈಮೇಲೆ ಕೈಯಿಟ್ಟು ಹೇಳಿದೆ.

ಆ ವರ್ಷ ಅವರು ಮೆಟ್ಟಿಲು ಹತ್ತುವಾಗ ಪ್ರತಿ ಮಹಡಿಯಲ್ಲೂ ನಿಂತು ನೋಟೀಸು ಓದುತ್ತಿದ್ದರು. ಅವರೇ ಬರೆದು ಹಚ್ಚಿಸಿದ ನೋಟೀಸುಗಳು. ಮೇಲೆ ಬಂದಮೇಲೆ ಡಾಕ್ಟರು “ಕೇಮ್ ಛೋ, ಬೆನ್?” ಅಂದರೆ “ಮಜಾ ಮಾ.” ನಾನು ಕೇಳಿದರೂ “ಮಜಾ ಮಾ.” ಆರೋಗ್ಯದ ಮೇಲೆ ಪಿಎಚ್.ಡಿ. ಕೊಡುವ ಕೋಣೆ ಅದು. ಅಲ್ಲಿದ್ದ ನಮ್ಮಲ್ಲಿ ಒಬ್ಬರಿಗೂ ಆಗ ಎಟಲೇ ಅನ್ನಬೇಕೆಂದು ಹೊಳೆಯಲಿಲ್ಲ.

ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ ನಾನು ರಜೆಯ ಮೇಲೆ ಮಣಿನಗರದ ಮನೆಯಲ್ಲಿದ್ದೆ. ಹೊರಗೆ ಬೀದಿಯುದ್ದಕ್ಕೂ ಕಂಬದಿಂದ ಕಂಬಕ್ಕೆ ದಾರ ಕಟ್ಟಿ ಗಾಳಿಪಟದ ಮಾಂಜಾ, ಅಂದರೆ ಬಣ್ಣ ಬೆರೆಸಿದ ಗಾಜಿನ ಪುಡಿಯ ಅಂಟು, ಬಳಿಯುತ್ತಿದ್ದರು. ಓಡಾಡುವ ದಾರಿಯೆಲ್ಲ ಗುಲಾಬಿ ಬಣ್ಣ. ನಮ್ಮ ವಿದ್ಯಾರ್ಥಿನಿಯೊಬ್ಬಳು ಫೈಲು ಕೊಡಲು ಬಂದವಳು ಬೆನ್ ಕಳೆದ ವಾರ ಸೂರತ್ತಿಗೆ ಹೋದವರು ತಿರುಗಿ ಬಂದಿಲ್ಲ, ಮೈ ಸರಿಯಿಲ್ಲವಂತೆ ಅಂದಳು. ಹೆಚ್ಚಿಗೆ ಅವಳಿಗೆ ತಿಳಿದಿರಲಿಲ್ಲ. ಅವರ ಅಣ್ಣನ ಮನೆಗೆ ಫೋನ್ ಮಾಡಿದರೆ ಗಂಟೆ ಬಾರಿಸುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಎರಡು ದಿನ ಹಾಗೇ ಕಳೆಯಿತು.

ಹೊರಡುವ ಹಿಂದಿನ ದಿನ ಗಂಡ ಟಿಕೆಟ್ಟು ಹಿಡಿದುಕೊಂಡು ಕೂತರು. “ಸೂರತ್ತಿನಾಗ ಇಳದ್ರ ಮುಂದಿನ ಗಾಡೀಗೆ ಸೀಟು ಸಿಗೂದು ಖಾತ್ರಿ ಇಲ್ಲ. ಮಗಳನ್ನ ಕಟ್ಟಿಕೊಂಡು ನಿಂತು ಹೋಗಬೇಕಾಗ್ತದ. ಹೀಂಗ ಮಾಡೂಣು. ಅವರಿಗೆ ಆರಾಮ ಇಲ್ಲಂದ್ರ, ಏನರೆ ಆಗಲಿ, ಇಳದು ನೋಡಿಕೊಂಡು ಹೋಗೂಣು. ಆರಾಮ ಇದ್ದರ, ಊರಿಂದ ಬಂದ ಮ್ಯಾಲೆ ಒಂದು ರವಿವಾರ ನೀ ಒಬ್ಬಾಕೀನ ಹೋಗಿ ಬಾ. ಫೋನ್ ಮಾಡಿ ಕೇಳು.”

ಸ್ಟೇಷನ್ನಿನ ಎದುರಿನ ಎಸ್‌ಟಿಡಿ ಬೂತಿನಲ್ಲಿ ಸಾಲು ಇತ್ತು. ಹಬ್ಬಕ್ಕೆ ಊರಿಗೆ ಹೊರಟವರೆಲ್ಲ ಅಲ್ಲಿದ್ದರು. ಸೂರತ್ತಿನ ನಂಬರು ಈ ಸಲವೂ ಎತ್ತಲಿಲ್ಲ. ಆಫೀಸಿಗೆ ಹಚ್ಚಿದೆ. ಭಾಯ್ ಎತ್ತಿದರು. ತಂತಿಯೊಳಗೆ ಗರಗರ ಸದ್ದು.

“ಭಾಯ್, ಬೆನ್ ಹೇಗಿದ್ದಾರೆ?” ಎಂದು ಹಿಂದಿಯಲ್ಲಿ ಕೂಗಿದೆ.

“ಬೆನ್ ಹಮಣಾಂ ಆರಾಮ್ ಮಾ ಛೇ” ಅಂದರು. ಬೆನ್ ಈಗ ಆರಾಮದಲ್ಲಿದ್ದಾರೆ.

ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. “ಬಹುತ್ ಅಚ್ಛಾ, ಭಾಯ್. ಬಹುತ್ ಅಚ್ಛಾ” ಎಂದು ಎರಡು ಸಲ ಹೇಳಿ ಫೋನ್ ಇಟ್ಟೆ. ಹಿಂದೆ ನಿಂತವನು ಆಗಲೇ ಕೈ ಚಾಚಿದ್ದ. ಮನೆಗೆ ಬಂದು ಗಂಡನಿಗೆ, “ಆರಾಮ ಇದ್ದಾರಂತ್ರಿ” ಅಂದೆ. ಸೀಟು ಉಳಿಯಿತೆಂದು ಅವರಿಗೂ ಸಮಾಧಾನವಾಯಿತು. ನನಗೂ ಆಯಿತು. ಇದನ್ನು ಮುಚ್ಚಿಡಲಾರೆ. ನನಗೆ ಯಾವ ಉತ್ತರ ಬೇಕಾಗಿತ್ತೋ ನನ್ನ ಕಿವಿ ಅದನ್ನೇ ಕೇಳಿಸಿಕೊಂಡಿತು.

ಮರುದಿನ ರೈಲು ಸೂರತ್ತಿನಲ್ಲಿ ನಿಂತಾಗ ಒಳ್ಳೆಯ ಬಿಸಿಲು. ಒಬ್ಬ ಹೆಂಗಸು ಚೀಲ ತುಂಬ ಪೋಂಕ್ ಹಿಡಿದು ನಮ್ಮ ಡಬ್ಬಿಗೆ ಹತ್ತಿ ಎದುರಿಗೆ ಕೂತಳು. ನನ್ನ ಮಗಳು ನೋಡುತ್ತಿರುವುದನ್ನು ಕಂಡು ಅವಳ ಬೊಗಸೆಗೆ ಒಂದಿಷ್ಟು ಹಾಕಿದಳು. “ಅಮ್ಮಾ, ಪೋಂಕ್” ಅಂದಳು ಮಗಳು. “ಸೀತನಿ ಅನ್ನು” ಎಂದು ತಿದ್ದಿದೆ. ನಮ್ಮ ಬೆನ್ ಒಬ್ಬರ ಮನೆ ಇದೇ ಊರಿನಲ್ಲಿದೆ, ಮುಂದಿನ ತಿಂಗಳು ಬರುವವಳಿದ್ದೇನೆ ಎಂದು ಆ ಹೆಂಗಸಿಗೆ ಹೆಮ್ಮೆಯಿಂದ ಹೇಳಿಕೊಂಡೆ. ಗಾಡಿ ಹೊರಟಿತು. ಹಿಂದೆ ಉಳಿದ ತಾಪಿಯ ಕಡೆಗೆ ಕಿಟಕಿಯಿಂದ ಬಗ್ಗಿ ನೋಡಿದ್ದೂ ನೆನಪಿದೆ.

ಧಾರವಾಡದಲ್ಲಿ ಹತ್ತು ದಿನ ಚೆನ್ನಾಗಿ ಕಳೆದವು. ಎಳ್ಳು ಬೆಲ್ಲ ಹಂಚಿದೆ, ಅಕ್ಕತಂಗಿಯರ ಜೊತೆ ಹರಟಿದೆ, ಹೊಲಕ್ಕೆ ಹೋಗಿ ಸೀತನಿ ತಿಂದೆ. ಬೆನ್‌ಗೆ ಎಂದು ಶೇಂಗಾ ಚಟ್ನಿಯನ್ನು ಕುಟ್ಟಿಸಿ, ಗಟ್ಟಿ ಮುಚ್ಚಳದ ಡಬ್ಬಿಗೆ ಹಾಕಿ ತಂದೆ.

ಚಟ್ನಿಯ ಡಬ್ಬಿ ಹಿಡಿದುಕೊಂಡೇ ಮೂರನೆಯ ಮಹಡಿ ಹತ್ತಿದೆ. ಭಾಯ್ ನನ್ನನ್ನು ನೋಡಿ ಎದ್ದು ನಿಂತರು. ಅವರು ಯಾರಿಗೂ ಎದ್ದು ನಿಲ್ಲುವವರಲ್ಲ. ಟೈಪ್ ಮೆಷಿನ್ನಿನ ಮೇಲೆ ಬಟ್ಟೆ ಹೊದಿಸಿತ್ತು. ಬೆನ್ ಅವರ ಕುರ್ಚಿ ಮೇಜಿನೊಳಗೆ ಪೂರ್ತಿ ತಳ್ಳಿತ್ತು. ಅವರು ಎಂದೂ ಹಾಗೆ ತಳ್ಳಿ ಹೋಗುತ್ತಿರಲಿಲ್ಲ.

ಹಬ್ಬದ ಮರುದಿನ ಹೋಗಿಬಿಟ್ಟಿದ್ದರು. ಅದಕ್ಕೆ ಒಂದು ವಾರ ಮೊದಲೇ ಹೃದಯಾಘಾತವಾಗಿತ್ತು. ಆಸ್ಪತ್ರೆಯಿಂದ ಅಣ್ಣನ ಮನೆಗೆ ಕರೆತಂದು, ಹಾಸಿಗೆಯಿಂದ ಏಳಕೂಡದು ಎಂದು ಡಾಕ್ಟರುಗಳು ಕಟ್ಟಪ್ಪಣೆ ಮಾಡಿದ್ದರು. ಗದ್ದಲವಾಗಬಾರದೆಂದು ಮನೆಯ ಫೋನನ್ನು ದಿಂಬುಗಳ ಕೆಳಗೆ ಮುಚ್ಚಿಟ್ಟಿದ್ದರು.

“ನಾನು ಹೇಳಿದ್ದೆನಲ್ಲ, ಬೆನ್” ಅಂದರು ಭಾಯ್. ದನಿಯಲ್ಲಿ ದೂರಿರಲಿಲ್ಲ, ಅದಕ್ಕೇ ಇನ್ನೂ ಚುಚ್ಚಿತು. “ಆರಾಮ್ ಮಾ ಛೇ ಎಂದು ಹೇಳಿದೆ. ಪೂರ್ತಿ ಮಲಗಿಸಿದ್ದಾರೆ ಎಂದು. ಉಳಿದದ್ದು ಡಾಕ್ಟರ್ ಸಾಹೇಬರು ನಿಮಗೆ ಹೇಳಿರುತ್ತಾರೆ ಅಂದುಕೊಂಡೆ. ನೀವು ಬಹುತ್ ಅಚ್ಛಾ ಅಂದಿರಿ. ಎರಡು ಸಲ ಅಂದಿರಿ. ಆ ರಾತ್ರಿ ನಾನು ಊಟ ಮಾಡಲಿಲ್ಲ. ಹೀಗೆ ಅನ್ನುವವರಲ್ಲ ಇವರು, ಯಾಕೆ ಅಂದರು ಎಂದು.”

ನಾನು ಚಟ್ನಿಯ ಡಬ್ಬಿಯನ್ನು ಮೇಜಿನ ಮೇಲಿಟ್ಟೆ. ಸೂರತ್ತಿಗೆ ಹೋಗಿ ಬಂದಿದ್ದ ಭಾಯ್ ಅಲ್ಲಿ ಕೇಳಿದ್ದನ್ನು ಹೇಳಿದರು. ನಮ್ಮ ರೈಲು ಸೂರತ್ತಿಗೆ ಬಂದ ದಿನ ಬೆನ್ ಮಲಗಿದಲ್ಲಿಂದಲೇ ಪೋಂಕ್ ತರಿಸಿದ್ದರಂತೆ. ಅವರಿಗೆ ತಿನ್ನುವಂತಿರಲಿಲ್ಲ. ಧಾರವಾಡ್‌ವಾಳಿ ಬರುತ್ತಾಳೆ, ಅವಳಿಗೆ ಎಂದು ಒದ್ದೆ ಬಟ್ಟೆ ಮುಚ್ಚಿಸಿ ಸಂಜೆಯವರೆಗೆ ಯಾರಿಗೂ ಮುಟ್ಟಲು ಬಿಡಲಿಲ್ಲವಂತೆ. ಸಂಜೆಯ ಮೇಲೆ, ರೈಲು ತಪ್ಪಿರಬೇಕು ಅಂದರಂತೆ.

ಆ ಶಬ್ದ ನನಗೆ ಗೊತ್ತಿತ್ತು. ಅದು ಎರಡು ಊರುಗಳಲ್ಲಿ ಎರಡಾಗುತ್ತದೆ ಎಂದು ಇದೇ ಕೋಣೆಯಲ್ಲಿ, ಇದೇ ಮನುಷ್ಯನ ಜೊತೆ ಜಗಳವಾಡಿ ತಿಳಿದುಕೊಂಡಿದ್ದೆ. ಮೂರು ಊರುಗಳ ಹೆಂಗಸರು ಅಂದ ಪ್ರತಿ ಶಬ್ದಕ್ಕೂ ಎಟಲೇ ಎಂದು ವಿದ್ಯಾರ್ಥಿಗಳ ಪ್ರಾಣ ತಿನ್ನುತ್ತಿದ್ದ ನಾನು, ಬೇಕಾದ ದಿನ ಒಂದು ಸಲ ಅದನ್ನು ಅನ್ನಲಿಲ್ಲ. ಒಂದೇ ಒಂದು ಎಟಲೇ. ಅಂದಿದ್ದರೆ ಅವರು ಉಳಿಯುತ್ತಿದ್ದರು ಎಂದು ನಾನು ಹೇಳುತ್ತಿಲ್ಲ. ನಾನು ಇಳಿಯುತ್ತಿದ್ದೆ. ಒಂದು ಮಧ್ಯಾಹ್ನ ಅವರ ಪಕ್ಕದಲ್ಲಿ ಕೂತು ತಿನ್ನುತ್ತಿದ್ದೆ.

ಭಾಯ್ ಕಪಾಟಿನಿಂದ ರಿಜಿಸ್ಟರು ತೆಗೆದು ಆ ಪುಟ ಬಿಚ್ಚಿ ನನ್ನ ಮುಂದಿಟ್ಟರು. ತಪ್ಪು ಎಲ್ಲಿ ಆಯಿತೆಂದು ನಾನು ಬಾಯಿ ಬಿಟ್ಟು ಹೇಳುವ ಮೊದಲೇ ಅವರಿಗೂ ಹೊಳೆದಿತ್ತು. ಆರಾಮ್. ಮೂರು ಕಾಲಮ್ಮುಗಳಲ್ಲಿ ಬೆನ್ ಅವರ ದುಂಡು ಅಕ್ಷರ: ವಿಶ್ರಾಂತಿ; ವಿಶ್ರಾಂತಿ, ಬಿಡುವು; ಹಾಸಿಗೆ ಹಿಡಿದವರಿಗೆ ಡಾಕ್ಟರು ಹೇಳುವ ವಿಶ್ರಾಂತಿ. ಮೂರನೆಯದು ಸೂರತ್ತಿನದು. ನಾಲ್ಕನೆಯದು ಖಾಲಿ. ಧಾರವಾಡ ಎಂಬ ತಲೆಬರಹದ ಕೆಳಗೆ ‘ಕಾಯಿಲೆಯಿಲ್ಲ, ಚೆನ್ನಾಗಿದ್ದಾರೆ’ ಎಂದು ಬರೆದೆ. ಪೆನ್ನು ಎರಡು ಸಲ ಕಾಗದಕ್ಕೆ ಸಿಕ್ಕಿಕೊಂಡಿತು. ಭಾಯ್ ಒತ್ತುಕಾಗದ ತಂದು ಶಾಯಿ ಒತ್ತಿ, ರಿಜಿಸ್ಟರನ್ನು ಕಪಾಟಿನಲ್ಲಿಟ್ಟರು.

ಫೆಬ್ರವರಿಯ ಒಂದು ರವಿವಾರ ಸೂರತ್ತಿಗೆ ಹೋದೆ, ಒಬ್ಬಳೇ. ಪೋಂಕಿನ ಕಾಲ ಮುಗಿಯುತ್ತ ಬಂದಿತ್ತು. ವಿಳಾಸ ಬರೆದಿದ್ದ ಚೀಟಿ ಬೆನ್ ಅವರದೇ ಕೈಬರಹ. ಅವರು ಕೊಟ್ಟ ಮೊದಲ ಚಳಿಗಾಲದಿಂದ ನನ್ನ ಪರ್ಸಿನಲ್ಲಿ ಮಡಿಚಿಕೊಂಡಿತ್ತು. ಅದನ್ನು ಆಟೋದವನ ಕೈಗೆ ಕೊಡದೆ ಬರೀ ತೋರಿಸಿದೆ. ಹಳೆಯ ಓಣಿ, ಮರದ ಕೆತ್ತನೆಯ ಬಾಗಿಲು. ಬಡಿದ ಮೇಲೆ ಬಹಳ ಹೊತ್ತು ಯಾರೂ ಬರಲಿಲ್ಲ. ತಿರುಗಿ ಹೋಗಿಬಿಡೋಣ ಅನ್ನಿಸಿತು. ಅಷ್ಟರಲ್ಲಿ ಬಾಗಿಲು ತೆರೆಯಿತು. ಅವರ ಅಣ್ಣ. ಅದೇ ಹಣೆ, ಅದೇ ದಾರ ಕಟ್ಟಿದ ಕನ್ನಡಕ. ನಾನು ಯಾರೆಂದು ಹೇಳುವ ಮೊದಲೇ ಅವರಿಗೆ ಗುರುತು ಸಿಕ್ಕಿತು. ಬಾಗಿಲನ್ನು ಪೂರ್ತಿ ಸರಿಸಿ ಒಳಗೆ ಕರೆದರು.

“ಕೇಮ್ ಛೋ, ಬೆನ್?” ಅಂದರು.

ಹೇಳಬೇಕಾದದ್ದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಇಳಿಯಲಿಲ್ಲ, ಕ್ಷಮಿಸಿ, ನನ್ನ ಕಿವಿ ತಪ್ಪಿತು ಎಂದು. ಬಾಯಿಂದ ಬಂದದ್ದು ಬೇರೆ.

“ಮಜಾ ಮಾ” ಅಂದೆ.

ಅವರು ತಲೆಯಾಡಿಸಿ ನೀರು ತರಲು ಒಳಗೆ ಹೋದರು. ಎಟಲೇ ಎಂದು ಕೇಳುವವರು ಆ ಮನೆಯಲ್ಲಿ ಇರಲಿಲ್ಲ.